ಟ್ಯಾಂಕರ್‌ಗೆ ದುಡ್ಡಿದೆ, ಒಡ್ಡಿಗೆ ಯಾಕಿಲ್ಲ?

ಮಾನ್ಯರೇ,

ನಮ್ಮದು ಶಿರಸಿ ತಾಲ್ಲೂಕಿನ ಒಂದು ಸಣ್ಣ ಊರು, 25 ಮನೆ. ಪ್ರತಿವರ್ಷ ಮಳೆ ಮುಗಿದ ಮೇಲೆ ಮನೆಗೊಬ್ಬರಂತೆ ಸೇರಿ ಎರಡು ದಿನ ಶ್ರಮದಾನ ಮಾಡಿ ಹಳ್ಳಕ್ಕೆ ಒಡ್ಡು ಕಟ್ಟುತ್ತೇವೆ. ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ, ಕಲ್ಲಿನ ಸಾಲಿಗೆ ಒತ್ತಿ ಪೇರಿಸಿ, ಸಂದಿಗೆ ಜೇಡಿಮಣ್ಣು ಮೆತ್ತುವ ಕೆಲಸ. ಒಡ್ಡು ಗಟ್ಟಿ ನಿಂತ ವರ್ಷ ಏಪ್ರಿಲ್‌ನಲ್ಲೂ ಬಾವಿಗೆ ಎರಡು ಮಾರು ಹಗ್ಗ ಕಡಿಮೆ ಸಾಕಾಗುತ್ತದೆ.

ಕಳೆದ ಸಲ ಹೊಸ ಚೀಲ ಸಿಗಲಿಲ್ಲ. ಹಳೇ ಚೀಲ ಬಿಸಿಲಿಗೆ ಲಡ್ಡಾಗಿದ್ದವು. ಎತ್ತುವಾಗಲೇ ತಳ ಹರಿದು ಮಣ್ಣೆಲ್ಲ ಕಾಲ ಮೇಲೆ. ಚೀಲ, ಟಾರ್ಪಾಲು ಕೊಡಿಸಿ ಅಂತ ಪಂಚಾಯಿತಿಗೆ ಹೋಗಿ ಕೇಳಿದೆವು. "ಅದಕ್ಕೆಲ್ಲ ಅನುದಾನ ಇಲ್ಲ" ಅಂದರು. ಫೆಬ್ರವರಿಯಲ್ಲೇ ಒಡ್ಡು ಸೋರಿ ಹೋಯಿತು. ಏಪ್ರಿಲ್‌ನಲ್ಲಿ ಅದೇ ಪಂಚಾಯಿತಿಯ ದುಡ್ಡಿನಲ್ಲಿ ನಮ್ಮೂರಿಗೆ ಟ್ಯಾಂಕರ್ ಬಂತು!

ಇದು ಯಾವ ಲೆಕ್ಕ? 25 ಜನ ಎರಡು ದಿನ ದುಡಿದರೆ 50 ಆಳು. 2025-26ರ ನರೇಗಾ ಕೂಲಿ, ಅಂದರೆ ದಿನಕ್ಕೆ 370 ರೂಪಾಯಿ ಹಿಡಿದರೆ 18,500 ರೂಪಾಯಿ ಕೆಲಸ. ಅದನ್ನು ಊರು ಪುಕ್ಕಟೆ ಕೊಡುತ್ತಿದೆ. ಪಂಚಾಯಿತಿ ಹಾಕಬೇಕಾದ್ದು ಚೀಲ, ಟಾರ್ಪಾಲು, ಮಧ್ಯಾಹ್ನದ ಊಟದ ಖರ್ಚು ಅಷ್ಟೇ. ಇತ್ತ ದಿನಕ್ಕೆ ಎರಡೇ ಟ್ಯಾಂಕರ್ ಅಂದರೂ ಏಪ್ರಿಲ್, ಮೇ ಎರಡು ತಿಂಗಳಿಗೆ 122 ಟ್ರಿಪ್. ಬಾಡಿಗೆ, ಡೀಸೆಲ್ ಎಷ್ಟಾಗುತ್ತದೆ ಅನ್ನುವುದು ಪಂಚಾಯಿತಿಯವರಿಗೇ ಚೆನ್ನಾಗಿ ಗೊತ್ತಿದೆ. ಟ್ಯಾಂಕರ್ ನೀರು ಸಂಜೆಯೊಳಗೆ ಖಾಲಿ. ಒಡ್ಡಿನ ನೀರು ಬಾವಿಗೂ ಇಳಿಯುತ್ತದೆ, ಅಡಿಕೆ ತೋಟಕ್ಕೂ ಆಗುತ್ತದೆ, ದನಗಳಿಗೂ ಸಿಗುತ್ತದೆ.

ದುಡ್ಡೇ ಇಲ್ಲ ಅನ್ನುವುದನ್ನು ಒಪ್ಪುವುದು ಕಷ್ಟ. 2021-26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯಕ್ಕೆಂದೇ ಇಟ್ಟಿದ್ದು. ಜನ ಮುಂದೆ ಬರುವುದಿಲ್ಲ ಅನ್ನುವ ಹಾಗೂ ಇಲ್ಲ. ಶಿರಸಿ ಪೇಟೆಯಲ್ಲೇ ಜೀವಜಲ ಕಾರ್ಯಪಡೆ ಅನ್ನುವ ಜನರದೇ ಸಂಘಟನೆಯವರು ಕೆರೆಗಳ ಹೂಳು ತೆಗೆಸಿದ್ದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ?

ನನಗನ್ನಿಸುವುದು, ತೊಂದರೆ ಇರುವುದು ದಾಖಲೆಯಲ್ಲಿ. ಟ್ಯಾಂಕರ್‌ಗೆ ಬಿಲ್ ಇದೆ, ವೋಚರ್ ಇದೆ. ಊರಿನವರ ಬೆವರಿಗೆ ಯಾವ ಪುಸ್ತಕದಲ್ಲೂ ಜಾಗ ಇಲ್ಲ. ಹಾಗಾಗಿ ಅದರ ಬೆಲೆ ಸೊನ್ನೆ ಅನ್ನಿಸುತ್ತದೆ. ಪ್ರತಿ ಪಂಚಾಯಿತಿಯೂ ಶ್ರಮದಾನದ ಆಳು ಲೆಕ್ಕ ಬರೆದಿಡಲಿ. ಅದನ್ನೂ ಟ್ಯಾಂಕರ್ ಬಿಲ್ಲನ್ನೂ ಗ್ರಾಮಸಭೆಯಲ್ಲಿ ಒಟ್ಟಿಗೆ ಓದಲಿ. ಒಡ್ಡಿನ ಸಾಮಾನಿಗೆ ಕ್ರಿಯಾ ಯೋಜನೆಯಲ್ಲೇ ಹಣ ಇಡಲಿ. ಮತ್ತೆ, ಚೀಲ ನವೆಂಬರ್‌ನಲ್ಲೇ ಊರು ಮುಟ್ಟಬೇಕು. ಜನವರಿಯಲ್ಲಿ ಕೊಟ್ಟರೆ ತಡೆಯಲಿಕ್ಕೆ ಹಳ್ಳದಲ್ಲಿ ನೀರೇ ಇರುವುದಿಲ್ಲ.

– ಒಬ್ಬ ಓದುಗ, ಶಿರಸಿ ತಾಲ್ಲೂಕು