ಪೂರ್ವದ ಗಾಜಿಗೆ ಹಳೇ ಪೇಪರ್: ಇಂಧನ ಸಚಿವರಿಗೆ ಕಲಬುರಗಿಯಿಂದ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರಗಳು. ಗಾಜಿನ ಗೋಡೆಯ ಸರ್ಕಾರಿ ಕಚೇರಿಗಳ ಸೆಕೆ ಮತ್ತು ಬೇಕೆಂದಾಗ ಬಣ್ಣ ಗಾಢವಾಗಿ ಬಿಸಿಲು ತಡೆಯುವ ಸ್ಮಾರ್ಟ್ ಗಾಜಿನ ಬಗ್ಗೆ ಈ ಪತ್ರ.

ಏಪ್ರಿಲ್, ಮೇ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು ನೋಡಿ ಮಾಡಿದ ಒಳ್ಳೆಯ ವ್ಯವಸ್ಥೆ. ಆದರೆ ಕಳೆದ ಬೇಸಿಗೆಯಲ್ಲಿ ಪಹಣಿ ತಿದ್ದುಪಡಿಗೆಂದು ನಾನು ಅಲೆದ ಕಚೇರಿಯೊಂದರ ಪೂರ್ವದ ಗೋಡೆ ಪೂರಾ ಗಾಜು. ಎಂಟೂವರೆಗೆಲ್ಲ ಬಿಸಿಲು ನೇರ ಗುಮಾಸ್ತರ ಮೇಜಿನ ಮೇಲೆ. ಪಾಪ, ಅವರು ಹಳೇ ಪೇಪರ್ ತಂದು ಗಮ್ ಟೇಪ್ ಹಾಕಿ ಗಾಜಿಗೆ ಅಂಟಿಸಿದ್ದರು. ಟೇಪ್ ಕಾದು ಬಿಟ್ಟುಕೊಂಡು, ಪೇಪರಿನ ಮೂಲೆ ಫ್ಯಾನ್ ಗಾಳಿಗೆ ಪಟಪಟ ಅನ್ನುತ್ತಿತ್ತು. ಒಳಗೆ ಕತ್ತಲೆ, ಅದಕ್ಕೆ ಟ್ಯೂಬ್‌ಲೈಟ್. ಸೆಕೆ ಮಾತ್ರ ಹೋಗಿಲ್ಲ, ಅದಕ್ಕೆ ಎ.ಸಿ. ಒಳಗಡೆಯಿಂದ ಏನೇ ಅಡ್ಡ ಹಿಡಿದರೂ ನಿಲ್ಲುವುದು ಬೆಳಕು. ಬಹುಪಾಲು ಶಾಖ ಅಷ್ಟರಲ್ಲಿ ಗಾಜು ದಾಟಿ ಬಂದಾಗಿರುತ್ತದೆ.

ಸಜ್ಜಾ ಹಾಕಿಸಿದರಾಯಿತು ಎನ್ನಬಹುದು. ದಕ್ಷಿಣದ ಕಿಟಕಿಗೆ ಅದು ಸಾಕು. ಪೂರ್ವ, ಪಶ್ಚಿಮದ ಬಿಸಿಲು ಓರೆಯಾಗಿ ಸಜ್ಜಾದ ಕೆಳಗಿಂದಲೇ ನುಗ್ಗುತ್ತದೆ. ಸ್ಮಾರ್ಟ್ ಗಾಜು ಬೇಕಿರುವುದು ಅಲ್ಲಿ. ಅಂಥ ಒಂದು ಬಗೆಯ ಗಾಜಿನೊಳಗೆ ಟಂಗ್‌ಸ್ಟನ್ ಆಕ್ಸೈಡಿನ ತೆಳುಪದರ ಇರುತ್ತದೆ. ಕೆಲವೇ ವೋಲ್ಟ್ ಕೊಟ್ಟರೆ ಲಿಥಿಯಂ ಅಯಾನುಗಳು (ವಿದ್ಯುದಂಶ ಹೊತ್ತ ಸೂಕ್ಷ್ಮ ಕಣಗಳು) ಅದರೊಳಗೆ ಸೇರಿ ಗಾಜು ಕಡುನೀಲಿಯಾಗುತ್ತದೆ. ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಮತ್ತೆ ತಿಳಿಯಾಗುತ್ತದೆ. ಕರೆಂಟು ಬೇಕಾಗುವುದು ಹೆಚ್ಚಾಗಿ ಬಣ್ಣ ಬದಲಾಗುವಾಗ ಮಾತ್ರ. ನಮ್ಮಜ್ಜಿ ಮಾಳಿಗೆ ಮನೆಯಲ್ಲಿ ಹೊತ್ತೇರಿದಂತೆ ಬೆಳಕಿಂಡಿಗೆ ಕಲ್ಲು ಸರಿಸುತ್ತಿದ್ದಳು, ಸಂಜೆ ಮತ್ತೆ ತೆಗೆಯುತ್ತಿದ್ದಳು. ಈ ಗಾಜು ಮಾಡುವುದೂ ಆ ಕೆಲಸವನ್ನೇ, ಕತ್ತಲೆ ಮಾತ್ರ ಮಾಡುವುದಿಲ್ಲ.

ಇದು ದುಬಾರಿ, ನನಗೆ ಗೊತ್ತು. ಎಲ್ಲ ಕಚೇರಿಗೂ ಹಾಕಿ ಎಂದು ನಾನು ಕೇಳುತ್ತಿಲ್ಲ. ಪೂರ್ವ ಪಶ್ಚಿಮಕ್ಕೆ ಗಾಜಿನ ಗೋಡೆ ಬರೆದ ನಕ್ಷೆಗಳನ್ನು ಮೊದಲು ವಾಪಸ್ ಕಳಿಸಿ. ಗಾಜಿನಿಂದ ಎಷ್ಟು ಶಾಖ ಒಳಬರಬಹುದು ಎಂಬುದಕ್ಕೆ ಕೇಂದ್ರದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲಿ ಮಿತಿ ಇದೆ, ಆದರೆ ಅದು ಅನ್ವಯಿಸುವುದು 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ ಲೋಡಿನ ಕಟ್ಟಡಗಳಿಗೆ. ನಮ್ಮ ಸಣ್ಣ ಕಚೇರಿಗಳಿಗೂ ಆ ಮಿತಿ ಬರಲಿ. ಇಂಧನ ಉಳಿತಾಯದ ಹೊಣೆ ಹೊತ್ತ ಕ್ರೆಡೆಲ್ (ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ) ನಿಮ್ಮ ಇಲಾಖೆಯದ್ದೇ. ಇಂಥ ಗಾಜಿನ ಸಂಶೋಧನೆ ಬೆಂಗಳೂರಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರದಲ್ಲೇ ನಡೆದಿದೆ. ಇಬ್ಬರನ್ನೂ ಕೂರಿಸಿ, ಕಲಬುರಗಿಯ ಒಂದು ಕಚೇರಿಯನ್ನು ಆರಿಸಿ. ಒಂದು ಮಹಡಿಗೆ ಸ್ಮಾರ್ಟ್ ಗಾಜು, ಇನ್ನೊಂದಕ್ಕೆ ಮಾಮೂಲಿ ಗಾಜು, ಎರಡಕ್ಕೂ ಬೇರೆ ಬೇರೆ ಮೀಟರ್. ಒಂದು ವರ್ಷ ಪ್ರತಿ ತಿಂಗಳ ರೀಡಿಂಗನ್ನು ಕಚೇರಿಯ ಬಾಗಿಲಲ್ಲೇ ಬರೆದು ಹಾಕಿಸಿ. ಪಹಣಿಗೆ ಬಂದವರೂ ಓದಿಕೊಳ್ಳುತ್ತೇವೆ.

ಇಂತಿ,
ಕಲಬುರಗಿಯ ಒಬ್ಬ ನಿವಾಸಿ