ಮಗಳಿಗೊಂದು ಪತ್ರ: ಹುತ್ತರಿ ಕಳೆಯಲಿ, ಆಮೇಲೆ ಬಣ್ಣ

ಪ್ರೀತಿಯ ಮಗಳೇ,

ಅಜ್ಜಿಯ ಬೀರುವಿಗೆ ನೀನೇ ಬಣ್ಣ ಹೊಡೆಯುತ್ತೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ಆದರೆ ಬಣ್ಣದ ಡಬ್ಬ ಈಗಲೇ ತರಬೇಡ, ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರಲಿ. ಇದು ಕಕ್ಕಡ, ಕೊಡಗಿನ ಜಡಿಮಳೆಯ ತಿಂಗಳು. ಮಡಿಕೇರಿಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಇಲ್ಲಿ ಕುಶಾಲನಗರದಲ್ಲಿ ಸಲೀಸಾಗಿ ತೆರೆಯುತ್ತಿದ್ದ ಬೀರುವಿನ ಬಾಗಿಲು 30 ಕಿಲೋಮೀಟರ್ ಘಟ್ಟ ಹತ್ತಿದ್ದೇ ಬಿಗಿಯಾಯಿತು ಅಂದೆಯಲ್ಲ, ಮರ ತೇವ ಕುಡಿದು ಊದಿಕೊಂಡಿದೆ, ಅಷ್ಟೇ. ಈಗ ಅಂಚು ಕೀಸಿಸಿದರೆ ಬೇಸಿಗೆಯಲ್ಲಿ ಸಂದಿ ಬೀಳುತ್ತದೆ. ಹಸಿ ಮರದ ಮೇಲೆ ಎನಾಮೆಲ್ ಹೊಡೆದರೆ ಒಳಗಿನ ತೇವ ಹೊರಬರಲು ದಾರಿ ಹುಡುಕಿ ಗುಳ್ಳೆ ಎಬ್ಬಿಸುತ್ತದೆ, ಆಮೇಲೆ ಬಣ್ಣವೆಲ್ಲ ಸುಲಿದು ಬರುತ್ತದೆ.

ಅಲ್ಲಿಯವರೆಗೆ ಮಾಡಲು ಕೆಲಸ ಬೇಕಾದಷ್ಟಿದೆ. ಡ್ರಾಯರ್ ಎಳೆದು ಹೊರಗಿಡು. ಹಿಂದಿನ ಹಲಗೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದರ ಕೆಳಗೆ ಒಂದು ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡು. ಹಿಟ್ಟಿನಂಥ ಹೊಸ ಹುಡಿ ಬಿದ್ದಿದ್ದರೆ ಕುಟ್ಟೆ ಹುಳು ಒಳಗೆ ಇನ್ನೂ ಜೀವಂತವಾಗಿದೆ ಅಂತ ತಿಳಿ. ಮೊದಲು ಅದಕ್ಕೆ ಔಷಧಿ ಹಾಕಿಸಬೇಕು. ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದರೆ ತೂತು ಮುಚ್ಚೀತು, ಹುಳು ಮಾತ್ರ ತಿನ್ನುತ್ತಲೇ ಇರುತ್ತದೆ. ಹಿತ್ತಾಳೆ ಹಿಡಿಗಳನ್ನು ಬಿಚ್ಚಿ ಹುಣಸೆಹಣ್ಣಲ್ಲಿ ತಿಕ್ಕಿಡು. ಸ್ಕ್ರೂಗಳನ್ನು ಒಂದೇ ಡಬ್ಬದಲ್ಲಿ ಹಾಕು, ಅಂಥ ಹಳೇ ಸ್ಕ್ರೂ ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ಬೀರುವಿನ ಮೇಲಿನ ಆ ಹಳೇ ಹಸಿರು ಬಣ್ಣದ್ದು. ಮನೆಗೆ ಬಳಿಯುವ ಬಣ್ಣದಲ್ಲಿ ವಿಷದ ಲೋಹವಾದ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಮ್ಮ ಬೀರುವಿನ ಬಣ್ಣ ಅದಕ್ಕೂ ಎಷ್ಟೋ ವರ್ಷ ಹಿಂದಿನದು. ಅದರಲ್ಲಿ ಸೀಸ ಇದೆ ಅಂತಲೇ ಎಣಿಸಿ ಕೆಲಸ ಮಾಡು. ಒಣಗಿದ್ದಾಗ ಉಜ್ಜಲೇಬೇಡ, ಹುಡಿ ಹಾರುತ್ತದೆ. ನೀರು ಚಿಮುಕಿಸಿಕೊಂಡು ವಾಟರ್ ಪೇಪರಿನಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ನಿಧಾನವಾಗಿ ಉಜ್ಜು. ಎನ್95 ಮಾಸ್ಕ್ ಹಾಕಿಕೋ, ಬಟ್ಟೆಯ ಮಾಸ್ಕ್ ಸಾಲದು. ಬಂದ ರಾಡಿಯನ್ನು ಕಾಗದದಲ್ಲಿ ಒರೆಸಿ ಚೀಲಕ್ಕೆ ತುಂಬು. ಕಾಫಿ ಗಿಡದ ಬುಡಕ್ಕೋ ಬಾವಿಯ ಹತ್ತಿರವೋ ಚೆಲ್ಲಬೇಡ. ಪಾಪು ಈಗ ತೆವಳುವ ವಯಸ್ಸು, ಸಿಕ್ಕಿದ್ದೆಲ್ಲ ಬಾಯಿಗೆ. ಕೆಲಸದ ದಿನಗಳಲ್ಲಿ ಅವನನ್ನು ನನ್ನ ಹತ್ತಿರ ಬಿಟ್ಟುಹೋಗು. ಇದನ್ನು ನೀನು ಒಪ್ಪಲೇಬೇಕು.

ಹಸಿರು ಹೋದ ಮೇಲೆ ಅಡಿಯ ಮರ ನೋಡು. ಕಂದು ಮೈಯಲ್ಲಿ ಕಪ್ಪು ಗೆರೆ ಓಡಿದ್ದು, ಎತ್ತಲಾರದ ಭಾರವಿದ್ದರೆ ಅದು ಬೀಟೆ. ಬೀಟೆಯಾದರೆ ದಯವಿಟ್ಟು ಬಿಳಿ ಬಳಿಯಬೇಡ, ಪಾಲಿಶ್ ಮಾಡೋಣ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಬೀಟೆಗೆ ಕೊಡುವ ಹೊಳಪೇ ಬೇರೆ. ಅದಕ್ಕೂ ಒಣ ಹವೆ ಬೇಕು, ತೇವದಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟಿಕೊಳ್ಳುತ್ತದೆ. ಸಿಲ್ವರ್ ಓಕೋ ಮತ್ತೊಂದೋ ಆದರೆ ನಿನ್ನಿಷ್ಟದ ಬಣ್ಣ ಹೊಡಿ, ನನ್ನ ತಕರಾರಿಲ್ಲ. ಪ್ರೈಮರ್ ಒಂದು ಕೈ, ಅದು ಒಣಗಿದ ಮೇಲೆ 220ರ ನಯವಾದ ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ, ತೆಳ್ಳಗೆ ಎರಡು ಕೈ ಎನಾಮೆಲ್. ದಪ್ಪ ಬಳಿದರೆ ಬಣ್ಣ ಇಳಿದು ಗೆರೆ ಬೀಳುತ್ತದೆ.

ಹುತ್ತರಿ ಹೊತ್ತಿಗೆ ಮಳೆ ಹೋಗಿ ಒಳ್ಳೆ ಬಿಸಿಲು ಬೀಳುತ್ತದೆ, ಆಗ ಶುರು ಮಾಡು. ಕಾಫಿ ಒಣಗಿಸುವ ಕಣದ ಪಕ್ಕ ಮಾತ್ರ ಬೇಡ, ಹಸಿ ಬಣ್ಣಕ್ಕೆ ಧೂಳು ಕೂರುತ್ತದೆ. ಡ್ರಾಯರಿನ ಒಳಬದಿಗೆ ಹಸಿರು ತಾಗಿರಲಿಕ್ಕಿಲ್ಲ. ಅದರ ಫೋಟೋ ನಾಳೆಯೇ ಕಳಿಸು, ಯಾವ ಮರ ಅಂತ ನಿಮ್ಮಪ್ಪನಿಗೆ ತೋರಿಸುತ್ತೇನೆ.

ನಿನ್ನ
ಅಮ್ಮ