ಟೋಲ್ಕಿನ್ ಅವರ ತಾಳ್ಮೆ ಮತ್ತು ನಮ್ಮ ಕಾವ್ಯಗಳು

ಮಾನ್ಯ ಸಂಪಾದಕರೇ,

ಕಲ್ಪನಾಲೋಕದ ಕಾದಂಬರಿಗಳೆಂದರೆ ಮಕ್ಕಳ ಓದು, ಹೊತ್ತು ಕಳೆಯುವ ಸಾಮಗ್ರಿ ಎಂಬ ಉಪೇಕ್ಷೆಯ ಮಾತು ನಮ್ಮ ಸಾಹಿತ್ಯ ವಲಯದಲ್ಲಿ ಈಗಲೂ ಕೇಳಿಬರುತ್ತದೆ. ಹಾಗೆನ್ನುವವರು ಇಂಗ್ಲೆಂಡಿನ ಜೆ.ಆರ್.ಆರ್. ಟೋಲ್ಕಿನ್ ಅವರು ಬರೆದ ಬಗೆಯನ್ನು ಒಮ್ಮೆ ಗಮನಿಸಬೇಕು.

1937ರಲ್ಲಿ ಅವರ ಕಾದಂಬರಿ ‘ದಿ ಹಾಬಿಟ್’ ಜನಪ್ರಿಯವಾದಾಗ ಪ್ರಕಾಶಕರು ಮುಂದಿನ ಕಥೆ ಕೇಳಿದರು. ಅದೇ ಡಿಸೆಂಬರಿನಲ್ಲಿ ಬರೆಯತೊಡಗಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಒಂದು ರೂಪಕ್ಕೆ ಬಂದದ್ದು 1949ರಲ್ಲಿ. ಮೂರು ಸಂಪುಟಗಳಾಗಿ ಅಚ್ಚಾದದ್ದು 1954–55ರಲ್ಲಿ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ವೃತ್ತಿ, ಮಹಾಯುದ್ಧ, ಕಾಗದದ ಅಭಾವ ಇವೆಲ್ಲದರ ನಡುವೆ ಅವರು ಹಳೆಯ ಉತ್ತರಪತ್ರಿಕೆಗಳ ಖಾಲಿ ಬದಿಯಲ್ಲಿ ಕರಡು ಬರೆದರು. ಕಥೆಯಲ್ಲಿ ಬರುವ ಮೋರಿಯಾದ ಗಣಿಯೊಳಗೆ, ಬಾಲಿನ್ ಎಂಬ ಕುಬ್ಜನ ಸಮಾಧಿಯ ಮುಂದೆ ಬರವಣಿಗೆ ಬಹುಕಾಲ ನಿಂತೇಬಿಟ್ಟಿತ್ತು. ಬೆರಳಚ್ಚುಗಾರರಿಗೆ ಕೊಡಲು ಹಣ ಸಾಲದೆ ಅಷ್ಟು ದೊಡ್ಡ ಹಸ್ತಪ್ರತಿಯ ಬಹುಭಾಗವನ್ನು ತಾವೇ ಟೈಪು ಮಾಡಿದರು. ಅದಕ್ಕೂ ಮೊದಲೇ ಕೈಗೆತ್ತಿಕೊಂಡಿದ್ದ ‘ದಿ ಸಿಲ್ಮರಿಲಿಯನ್’ ಅವರ ಜೀವಿತಾವಧಿಯಲ್ಲಿ ಮುಗಿಯಲೇ ಇಲ್ಲ. ಅವರು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1977ರಲ್ಲಿ, ಮಗ ಕ್ರಿಸ್ಟೊಫರ್ ಅದನ್ನು ಸಂಪಾದಿಸಿ ಹೊರತಂದರು.

ಇಷ್ಟು ದೀರ್ಘಕಾಲ ಅವರನ್ನು ಹಿಡಿದು ನಿಲ್ಲಿಸಿದ್ದು ಹಳೆಯ ಕಾವ್ಯಗಳ ಮೇಲಿನ ಪ್ರೀತಿ ಎಂದೇ ನನ್ನ ನಂಬಿಕೆ. ಅವರ ಕಥೆಗಳ ಮಾಂತ್ರಿಕ ಗ್ಯಾಂಡಾಲ್ಫ್‌ನ ಹೆಸರು ಪ್ರಾಚೀನ ನಾರ್ಸ್ (ಸ್ಕ್ಯಾಂಡಿನೇವಿಯಾದ) ಕಾವ್ಯವೊಂದರ ಕುಬ್ಜರ ಪಟ್ಟಿಯಿಂದ ಬಂದದ್ದು. ‘ದಿ ಹಾಬಿಟ್’ನಲ್ಲಿರುವಂತೆ ಬಟ್ಟಲು ಕಳವಾದದ್ದಕ್ಕೆ ಕೆರಳುವ ನಿಧಿಕಾವಲಿನ ಘಟಸರ್ಪ ಹಳೆಯ ಇಂಗ್ಲಿಷ್ ಕಾವ್ಯ ‘ಬೇವುಲ್ಫ್’ನಲ್ಲೇ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಫಿನ್ಲೆಂಡಿನ ‘ಕಲೇವಾಲ’ ಅವರನ್ನು ಹದಿಹರೆಯದಲ್ಲೇ ಸೆಳೆಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕ ಫಿನ್ನಿಷ್ ವ್ಯಾಕರಣದ ಪುಸ್ತಕದಿಂದ ಆ ಭಾಷೆಯ ನಾದಕ್ಕೆ ಮನಸೋತು, ತಮ್ಮ ಕಥೆಗಳ ಎಲ್ಫ್ ಎಂಬ ಅಮರ ಜನಾಂಗಕ್ಕಾಗಿ ಕಟ್ಟಿದ ಕ್ವೆನ್ಯಾ ಭಾಷೆಗೆ ಅದರ ಛಾಯೆ ಕೊಟ್ಟರು. ಆ ‘ಕಲೇವಾಲ’ವಾದರೂ ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯರು ಹಳ್ಳಿಗಳಲ್ಲಿ ಸುತ್ತಿ, ಹಾಡುಗಾರರ ಬಾಯಿಂದ ಕೇಳಿ ಬರೆದುಕೊಂಡು, 1835ರಲ್ಲಿ ಮೊದಲು ಪ್ರಕಟಿಸಿದ ಜನಪದ ಕಾವ್ಯ.

ನಮ್ಮಲ್ಲಿ ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಗಳು ಅದೇ ಬಗೆಯ ಸಂಪತ್ತು. ವಿದ್ವಾಂಸರು ಶ್ರಮವಹಿಸಿ ಸಂಗ್ರಹಿಸಿದ ಪಠ್ಯಗಳು ಮುದ್ರಣದಲ್ಲೂ ಬಂದಿವೆ. ಆದರೆ ಕಲ್ಪನಾ ಸಾಹಿತ್ಯ ಬರೆಯಹೊರಟ ಎಳೆಯರ ಕೈಗೆ ಅವು ತಲುಪುತ್ತಿರುವುದು ಕಡಿಮೆ. ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈ ಕಾವ್ಯಗಳ ಆಯ್ದ ಭಾಗಗಳನ್ನು ಅರ್ಥ, ಟಿಪ್ಪಣಿಗಳೊಂದಿಗೆ ಸರಣಿಯಾಗಿ ಪ್ರಕಟಿಸಬೇಕೆಂದೂ, ಅವುಗಳಿಂದ ಹುಟ್ಟುವ ಹೊಸ ಕಥೆಗಳಿಗೆ ಅಲ್ಲಿಯೇ ಜಾಗ ಕೊಡಬೇಕೆಂದೂ ಕೋರುತ್ತೇನೆ.

ಇತಿ,
ಓದುಗ, ಚಾಮರಾಜನಗರ